ಕೈ ತೊಳೆದರೆ ಹೋಗದ ಸೀಸ

ಮಗುವಿನ ಕೈಯನ್ನು ದಿನಕ್ಕೆ ನಾಲ್ಕಾರು ಸಲ ಸೋಪು ಹಚ್ಚಿ ತೊಳೆಯಬೇಕು. ಉಗುರು ಬೆಳೆಯಲು ಬಿಡಬಾರದು. ಒಣ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಬೇಕು. ಕಾರ್ಖಾನೆಯಿಂದ ಬಂದ ಗಂಡನ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬಾರದು. ಹಾಲು, ಸೊಪ್ಪು, ಕಬ್ಬಿಣಾಂಶವಿರುವ ಊಟ ತಪ್ಪಿಸಬಾರದು. ಸೀಸದ ಧೂಳು ಬೀಳುವ ಊರಿನ ತಾಯಂದಿರಿಗೆ ಜಗತ್ತಿನ ಯಾವ ಮೂಲೆಯ ವೈದ್ಯರೂ ಹೇಳುವ ಮಾತುಗಳಿವು. ಒಂದೂ ಸುಳ್ಳಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕಡಿಮೆಯಿರುವ ಮಗುವಿನ ಕರುಳು ಸೀಸವನ್ನು ಇನ್ನಷ್ಟು ಆತುರದಿಂದ ಹೀರುತ್ತದೆ ಎನ್ನುವುದು ಸಿದ್ಧವಾದ ಸಂಗತಿ.

ಆದರೆ ಈ ಸಲಹೆಗಳ ಅಡಿಯಲ್ಲಿ ಒಂದು ಊಹೆ ತಣ್ಣಗೆ ಕೂತಿರುತ್ತದೆ. ಮಗುವಿನ ರಕ್ತದಲ್ಲಿ ಸೀಸ ಹೆಚ್ಚಿದ್ದರೆ ಅದು ಮನೆಯ ಅಚ್ಚುಕಟ್ಟಿಗೆ ಸಂಬಂಧಿಸಿದ್ದು, ಎಂದರೆ ತಾಯಿಯ ತಲೆಗೆ ಬರತಕ್ಕದ್ದು ಎಂಬ ಊಹೆ. ಪೆರು ದೇಶದ ಲಾ ಒರೋಯಾ ಎಂಬ ಊರಿನಲ್ಲಿ ವರ್ಷಗಟ್ಟಲೆ ಇದೇ ನಡೆಯಿತು. ಕುಟುಂಬವನ್ನು ಕಾಪಾಡುವ ಹೊಣೆಯನ್ನು ಅಲ್ಲಿ ಬಚ್ಚಲುಮನೆಯಿಂದ ಎತ್ತಿ ಚಿಮಣಿಯ ಬುಡಕ್ಕೆ ತಂದಿಟ್ಟವರಲ್ಲಿ ಚರ್ಚ್ ಕೂಡ ಇತ್ತು. ಅದೂ ಒಂದಲ್ಲ, ಸಾಮಾನ್ಯವಾಗಿ ಒಂದೇ ಪಂಕ್ತಿಯಲ್ಲಿ ಕೂರದ ಎರಡು ಚರ್ಚ್‌ಗಳು.

ಲೀಮಾದಿಂದ ಪೂರ್ವಕ್ಕೆ, ಆಂಡಿಸ್ ಪರ್ವತದ ಮೇಲೆ, ಸಮುದ್ರಮಟ್ಟದಿಂದ 3,700 ಮೀಟರಿಗೂ ಎತ್ತರದಲ್ಲಿದೆ ಲಾ ಒರೋಯಾ. ಮಂತಾರೊ ನದಿ ಕೊರೆದ ಇಕ್ಕಟ್ಟಾದ ಕಣಿವೆ. ಹೊಗೆ ಎದ್ದರೆ ಹೊರಗೆ ಹೋಗಲು ದಾರಿ ಸಾಲದು. ಅಲ್ಲಿ ಅಮೆರಿಕದ ಸೆರ್ರೊ ಡಿ ಪಾಸ್ಕೊ ಕಂಪನಿ 1922ರಲ್ಲಿ ಲೋಹ ಕರಗಿಸುವ ಕುಲುಮೆ ಹಚ್ಚಿತು. ಮೊದಲು ತಾಮ್ರ, ಆಮೇಲೆ ಸೀಸ, ಕೊನೆಗೆ ಸತು. ಆಂಡಿಸ್‌ನ ಅದಿರಿನಲ್ಲಿ ಇವಿಷ್ಟೇ ಅಲ್ಲ, ಆರ್ಸೆನಿಕ್, ಕ್ಯಾಡ್ಮಿಯಂ, ಗಂಧಕ ಎಲ್ಲ ಕಲಸಿಕೊಂಡಿರುತ್ತವೆ. ಬೇಕಾದದ್ದು ಗಟ್ಟಿಯಾಗಿ ರೈಲು ಹತ್ತಿ ಹೋಯಿತು, ಬೇಡವಾದದ್ದು 167 ಮೀಟರ್ ಎತ್ತರದ ಚಿಮಣಿಯಿಂದಲೂ ಕಟ್ಟಡದ ಸಂದುಗೊಂದುಗಳಿಂದಲೂ ಊರ ಮೇಲೆ ಇಳಿಯಿತು. ಗಂಧಕದ ಹೊಗೆಗೆ ಸುತ್ತಲ ಗುಡ್ಡಗಳ ಹುಲ್ಲು ಸತ್ತು ಸುಣ್ಣದ ಬಂಡೆ ಬೆಳ್ಳಗೆ ಬೋಳಾಯಿತು. 1974ರಲ್ಲಿ ಸರ್ಕಾರ ಕುಲುಮೆಯನ್ನು ರಾಷ್ಟ್ರೀಕರಿಸಿತು. ಮಾಲೀಕರು ಬದಲಾದರು, ಹೊಗೆ ಬದಲಾಗಲಿಲ್ಲ.

ಸೀಸಕ್ಕೆ ಮನುಷ್ಯನ ದೇಹದಲ್ಲಿ ಮಾಡಲು ಯಾವ ಕೆಲಸವೂ ಇಲ್ಲ. ಆದರೂ ದೇಹ ಅದನ್ನು ಕ್ಯಾಲ್ಸಿಯಂ ಎಂದು ನಂಬಿ ಒಳಗೆ ಬಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಕೆಲವು ವಾರ ಸುತ್ತಾಡಿದ ಮೇಲೆ ಮೂಳೆಯೊಳಗೆ ಹೋಗಿ ದಶಕಗಟ್ಟಲೆ ಬಿಡಾರ ಹೂಡುತ್ತದೆ. ಹೆಣ್ಣುಮಗಳು ಬಸುರಿಯಾದಾಗ ಹೊಟ್ಟೆಯ ಕೂಸಿಗೆ ಬೇಕಾದ ಕ್ಯಾಲ್ಸಿಯಂ ಅವಳ ಮೂಳೆಯಿಂದ ಕರಗಿ ಹೊರಬರುತ್ತದಲ್ಲ, ಆಗ ಹಳೆಯ ಸೀಸವೂ ಜೊತೆಗೆ ಹೊರಟು ಮಾಸು ದಾಟಿ ಮಗುವನ್ನು ಸೇರುತ್ತದೆ. ಅಜ್ಜಿಯ ಒಡವೆಯಂತೆ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರು ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಚಿಕ್ಕ ಮಕ್ಕಳು ಹೀರುತ್ತಾರೆ. ಹಾನಿ ಹೊರಗೆ ಕಾಣುವಂಥದ್ದೂ ಅಲ್ಲ. ಮಗು ತುಸು ನಿಧಾನ, ತುಸು ಹಟಮಾರಿ, ಲೆಕ್ಕದಲ್ಲಿ ಹಿಂದೆ, ಅಷ್ಟೆ. ಶಾಲೆ ಅದನ್ನು ದಡ್ಡತನ ಎಂದುಕೊಳ್ಳುತ್ತದೆ, ಮನೆ ಅದನ್ನು ಹಣೆಬರಹ ಎಂದುಕೊಳ್ಳುತ್ತದೆ. ರಕ್ತ ತೆಗೆದು ಅಳೆಯದ ಹೊರತು ಅದಕ್ಕೆ ಅದರ ನಿಜವಾದ ಹೆಸರು ಸಿಗುವುದಿಲ್ಲ.

1997ರಲ್ಲಿ ಪೆರು ಸರ್ಕಾರ ಕುಲುಮೆಯನ್ನು ಡೋ ರನ್ ಕಂಪನಿಗೆ ಮಾರಿತು. ಅದರ ಕೇಂದ್ರ ಕಚೇರಿ ಅಮೆರಿಕದ ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ, ಮಾತೃಸಂಸ್ಥೆ ನ್ಯೂಯಾರ್ಕಿನ ರೆಂಕೊ ಗ್ರೂಪ್. ಹತ್ತು ವರ್ಷದೊಳಗೆ ಗಂಧಕಾಮ್ಲ ಘಟಕಗಳನ್ನು ಕಟ್ಟಿ ಹೊಗೆ ತಗ್ಗಿಸಬೇಕೆಂಬುದು ಒಪ್ಪಂದದ ಷರತ್ತು. ಎರಡು ವರ್ಷ ಕಳೆದು 1999ರಲ್ಲಿ ಪೆರುವಿನ ಆರೋಗ್ಯ ಇಲಾಖೆಯೇ ಎರಡರಿಂದ ಹತ್ತು ವರ್ಷದ 346 ಮಕ್ಕಳ ರಕ್ತ ಪರೀಕ್ಷಿಸಿತು. ಡೆಸಿಲೀಟರ್ ರಕ್ತದಲ್ಲಿ 10 ಮೈಕ್ರೊಗ್ರಾಂ ಸೀಸ ಇದ್ದರೆ ಎಚ್ಚರಿಕೆಯ ಗಂಟೆ ಎಂದು ಆಗಿನ ಲೆಕ್ಕ. ಶೇ 99ರಷ್ಟು ಮಕ್ಕಳು ಆ ಗೆರೆಯ ಮೇಲಿದ್ದರು. ಸರಾಸರಿ 33.6. ಕುಲುಮೆಗೆ ಅಂಟಿಕೊಂಡಿರುವ ಹಳೆಯ ಊರಿನಲ್ಲಿ 43ನ್ನೂ ದಾಟಿತ್ತು. ಅಮೆರಿಕ ಆ ಗೆರೆಯನ್ನು 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿತು. ಇಷ್ಟಾದರೆ ಅಪಾಯವಿಲ್ಲ ಎನ್ನಬಹುದಾದ ಸೀಸದ ಮಟ್ಟವೇ ಇಲ್ಲ ಎನ್ನುವುದು ಇಂದಿನ ತಿಳಿವಳಿಕೆ.

ಈ ಅಂಕಿಗಳಿಗೆ ಬಂದ ಉತ್ತರವೇ ಆ ಕೈತೊಳೆಯುವ ಅಭಿಯಾನ. ಆರೋಗ್ಯ ಇಲಾಖೆ ಮತ್ತು ಕಂಪನಿ ಒಪ್ಪಂದ ಮಾಡಿಕೊಂಡವು. ಬೀದಿ ತೊಳೆಯುವುದು, ಮನೆಮನೆಗೆ ಹೋಗಿ ಶುಚಿತ್ವದ ಪಾಠ ಹೇಳುವುದು, ಇದಕ್ಕೆಲ್ಲ ಊರಿನ ಹೆಂಗಸರನ್ನೇ ನೇಮಿಸಲಾಯಿತು. ರಕ್ತದಲ್ಲಿ ಸೀಸ ತೀರಾ ಏರಿದ್ದ ಪುಟ್ಟ ಮಕ್ಕಳನ್ನು ಬೆಳಿಗ್ಗೆ ಬಸ್ಸು ಹತ್ತಿಸಿ ಊರಾಚೆಯ ಕಸರಾಕ್ರ ಎಂಬಲ್ಲಿನ ಶಿಶುವಿಹಾರಕ್ಕೆ ಕರೆದೊಯ್ಯುವ ವ್ಯವಸ್ಥೆಯೂ ಆಯಿತು. ಹಗಲು ಒಳ್ಳೆಯ ಗಾಳಿ, ಒಳ್ಳೆಯ ಊಟ. ಸಂಜೆ ಅದೇ ಬಸ್ಸಿನಲ್ಲಿ ಅದೇ ಧೂಳಿನ ಮನೆಗೆ. ವಿಷವೈದ್ಯ ಬಲ್ಲ ಯಾರನ್ನೇ ಕೇಳಿ, ಒಡ್ಡಿಕೊಳ್ಳುವುದನ್ನು ನಿಲ್ಲಿಸದೆ ಸೀಸದ ಚಿಕಿತ್ಸೆಗೆ ಅರ್ಥವಿಲ್ಲ ಎನ್ನುತ್ತಾರೆ. ಪಾಪದ ಹೊಣೆ ತನ್ನದಲ್ಲವೆಂದು ನೀರು ತರಿಸಿ ಕೈ ತೊಳೆದುಕೊಂಡ ಪಿಲಾತನ ಪ್ರಸಂಗ ಗೊತ್ತಿರುವ ಕ್ರೈಸ್ತರ ಊರಿನಲ್ಲಿ ಇದು ನಡೆಯಿತೆಂಬುದು ನನಗೆ ಮತ್ತೆಮತ್ತೆ ನೆನಪಾಗುತ್ತದೆ. ಇಲ್ಲಿ ನೀರು ತರಬೇಕಾದವರೂ ತೊಳೆಯಬೇಕಾದವರೂ ನೊಂದವರೇ ಆಗಿದ್ದರು.

ಇಲ್ಲಿ ಚರ್ಚಿನ ಬಗ್ಗೆ ಒಂದು ಖಾರದ ಮಾತು ಹೇಳಲೇಬೇಕು. ಕುಲುಮೆ ಹೊತ್ತಿದ್ದು 1922ರಲ್ಲಿ. ಮಕ್ಕಳ ರಕ್ತದ ಮಾತು ಪೀಠದಿಂದ ಜೋರಾಗಿ ಕೇಳಿಬರಲು ಎಂಬತ್ತು ವರ್ಷ ಬೇಕಾಯಿತು. ಆ ಎಂಬತ್ತು ವರ್ಷವೂ ಅಲ್ಲಿ ಪೂಜೆ ನಡೆಯುತ್ತಿತ್ತು, ಮಕ್ಕಳಿಗೆ ದೀಕ್ಷಾಸ್ನಾನ ಆಗುತ್ತಿತ್ತು. ಹೊಗೆಗೆ ವಿಶ್ವಾಸದೊಡನೆ ಏನೋ ಸಂಬಂಧವಿದೆ ಎಂದು ಹೊಳೆಯುವುದು ಅಷ್ಟು ಸುಲಭವಲ್ಲ. ಹೊಗೆಯಿಂದಲೇ ಅನ್ನ ಬರುತ್ತಿರುವ ಊರಿನಲ್ಲಂತೂ ಅಲ್ಲವೇ ಅಲ್ಲ.

2004ರಲ್ಲಿ ಪೆದ್ರೊ ಬರೆತೊ ವಾಂಕಾಯೊದ ಮಹಾಧರ್ಮಾಧ್ಯಕ್ಷರಾಗಿ ಬಂದರು. ಲಾ ಒರೋಯಾದ ಕೆಳಗೆ, ಅದೇ ಮಂತಾರೊ ನದಿಯ ಬಯಲಿನಲ್ಲಿರುವ ನಗರ ಅದು. ಮೇಲಿನ ಊರು ನದಿಗೆ ಬಿಟ್ಟದ್ದು ಕೆಳಗಿನ ಊರಿನ ಹೊಲಕ್ಕೆ ಬರುತ್ತದೆ. ಬರೆತೊ ಯೇಸುಸಭೆಯವರು, ಎಂದರೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಕಟ್ಟಿ ಬೆಳೆಸಿದ ಅದೇ ಜೆಸ್ವಿಟ್ ಪರಂಪರೆಯವರು. ಅವರು ಬರುವ ಹೊತ್ತಿಗೆ ಊರಿನೊಳಗೇ ಒಂದು ಸಣ್ಣ ಗುಂಪು ಆರೋಗ್ಯದ ಚಳವಳಿ ಕಟ್ಟಿತ್ತು, ಬೈಸಿಕೊಳ್ಳುತ್ತಲೂ ಇತ್ತು. ಬರೆತೊ ಮಾಡಿದ ಮುಖ್ಯ ಕೆಲಸ ಪ್ರವಚನವಲ್ಲ. ಕಂಪನಿಯ ಸಂಬಳ ಪಡೆಯದ, ಸರ್ಕಾರದ ಅಂಜಿಕೆಯಿಲ್ಲದ ಯಾರಾದರೂ ಬಂದು ರಕ್ತ ಅಳೆಯಲಿ ಎಂದು ಅವರು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯವನ್ನು ಕರೆದರು.

ಯಾಕೆ ಸೇಂಟ್ ಲೂಯಿಸ್? ಅದು ಜೆಸ್ವಿಟರ ವಿಶ್ವವಿದ್ಯಾಲಯ ಎಂಬುದು ಒಂದು ಕಾರಣ. ಕಂಪನಿಯ ಮನೆ ಅದೇ ಊರು ಎಂಬುದು ಇನ್ನೊಂದು. ಮೂರನೆಯ ಎಳೆ ಪ್ರೆಸ್ಬಿಟೇರಿಯನ್ ಚರ್ಚಿನದು. ಪ್ರಾಟೆಸ್ಟಂಟರ ಈ ಪಂಗಡ ಹಸಿವಿನ ವಿರುದ್ಧ ಕೆಲಸ ಮಾಡಲೆಂದು ಪೆರುವಿನಲ್ಲಿ ಸ್ಥಳೀಯ ಸಂಘಟನೆಗಳ ಜಾಲವೊಂದನ್ನು ಕಟ್ಟಿಕೊಂಡಿತ್ತು. ಆ ಜಾಲಕ್ಕೆ ಅಮೆರಿಕದಲ್ಲಿ ಜೊತೆಯಾಗಿದ್ದದ್ದು ಸೇಂಟ್ ಲೂಯಿಸ್ ಪ್ರದೇಶದ ಸಭೆಗಳು. ಹಸಿವಿನ ಬಗ್ಗೆ ಮಾತಾಡಲು ಹೋದವರಿಗೆ ಲಾ ಒರೋಯಾದ ಹೆಂಗಸರು ಸೀಸದ ಕಥೆ ಹೇಳಿದರು. ಕೇಳಿಸಿಕೊಂಡವರಿಗೆ ಅದು ದೂರದೇಶದ ಸುದ್ದಿಯಾಗಿರಲಿಲ್ಲ. ಸೇಂಟ್ ಲೂಯಿಸ್‌ನಿಂದ ದಕ್ಷಿಣಕ್ಕೆ ಸುಮಾರು ಐವತ್ತು ಕಿಲೋಮೀಟರ್, ಮಿಸಿಸಿಪಿ ನದಿಯ ದಂಡೆಯ ಹರ್ಕ್ಯುಲೇನಿಯಂ ಎಂಬ ಪುಟ್ಟ ಊರಿನಲ್ಲಿ ಅದೇ ಡೋ ರನ್ ಕಂಪನಿಯ ಸೀಸದ ಕುಲುಮೆಯಿತ್ತು. 2001ರಲ್ಲಿ ಅಲ್ಲಿನ ಆರು ವರ್ಷದೊಳಗಿನ ಮಕ್ಕಳಲ್ಲಿ ಶೇ 28ರಷ್ಟು ಮಂದಿಗೆ ಸೀಸ ಹೆಚ್ಚಿರುವುದು ಗೊತ್ತಾಗಿ ಗದ್ದಲವೆದ್ದಿತ್ತು. ಕಂಪನಿ ಕುಲುಮೆಯ ಸುತ್ತಲಿನ ನೂರಕ್ಕೂ ಹೆಚ್ಚು ಮನೆಗಳನ್ನು ಕೊಂಡುಕೊಳ್ಳಬೇಕಾಯಿತು. ಮಿಸ್ಸೌರಿಯಲ್ಲಿ ಶೇ 28 ಎಂದರೆ ಊರನ್ನೇ ಎತ್ತಬೇಕು, ಆಂಡಿಸ್‌ನಲ್ಲಿ ಶೇ 99 ಎಂದರೆ ಕೈ ತೊಳೆಯಬೇಕು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಎರಡೂ ಕಡೆ ಕಾಲಿರುವ ಸಂಸ್ಥೆಯೇ ಬೇಕಿತ್ತು. ಕಂಪನಿಗೆ ಎರಡೂ ಕಡೆ ಕಾಲಿತ್ತು. ಚರ್ಚಿಗೂ ಇತ್ತು.

2005ರ ಆಗಸ್ಟಿನಲ್ಲಿ ಫೆರ್ನಾಂದೊ ಸೆರ್ರಾನೊ ಅವರ ಮುಂದಾಳತ್ವದಲ್ಲಿ ವಿಶ್ವವಿದ್ಯಾಲಯದ ತಂಡ ಬಂದಿಳಿಯಿತು. ಹೋಲಿಸಿ ನೋಡಲು ಕೆಳಗಿನ ಬಯಲಿನ ಕೊನ್ಸೆಪ್ಸಿಯೋನ್ ಎಂಬ ಊರನ್ನೂ ಆರಿಸಿಕೊಂಡರು. ಸೀಸದ ಪರೀಕ್ಷೆಯಲ್ಲಿ ಹೊರಗಿನವರಿಗೆ ಹೊಳೆಯದ ಒಂದು ಸೂಕ್ಷ್ಮವಿದೆ. ಬೆರಳು ಚುಚ್ಚಿ ತೆಗೆದ ಹನಿಗೆ ಚರ್ಮದ ಮೇಲಿನ ಧೂಳೇ ಸೇರಿಕೊಂಡು ಅಂಕಿ ಕೆಡಬಹುದು, ಆದ್ದರಿಂದ ತೋಳಿನ ರಕ್ತನಾಳದಿಂದ ತೆಗೆದ ರಕ್ತವೇ ನಂಬಲು ಯೋಗ್ಯ. ಅಷ್ಟು ಸಣ್ಣ ಎಡವಟ್ಟು ಸಿಕ್ಕಿದರೂ ಎದುರಾಳಿಯ ವಕೀಲರಿಗೆ ಸಾಕು. ರಕ್ತದ ಮಾದರಿಗಳು ಅಟ್ಲಾಂಟಾದಲ್ಲಿರುವ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಕೇಂದ್ರದ ಪ್ರಯೋಗಾಲಯಕ್ಕೆ ಹೋದವು. ಲಾ ಒರೋಯಾದ ಆರು ತಿಂಗಳಿನಿಂದ ಆರು ವರ್ಷದ ಮಕ್ಕಳಲ್ಲಿ ಶೇ 97ರಷ್ಟು ಮಂದಿ ಮಿತಿ ದಾಟಿದ್ದರು. ಸೀಸ ಒಂದೇ ಅಲ್ಲ, ಕ್ಯಾಡ್ಮಿಯಂ, ಆರ್ಸೆನಿಕ್, ಆಂಟಿಮನಿಯೂ ಊರಿನವರ ದೇಹದಲ್ಲಿ ಸಿಕ್ಕವು. ಧೂಳಿಗೆಲ್ಲ ವಾಹನಗಳ ಪೆಟ್ರೋಲೇ ಕಾರಣ ಎಂಬ ವಾದದ ಬಾಯನ್ನು ಆರ್ಸೆನಿಕ್ ಮತ್ತು ಕ್ಯಾಡ್ಮಿಯಂ ಕಟ್ಟಿದವು. ಯಾವ ಪೆಟ್ರೋಲಿನಿಂದಲೂ ಅವು ಹೀಗೆ ಸುರಿಯುವುದಿಲ್ಲ.

ಇಷ್ಟು ಹೊತ್ತು ಓದಿದವರಿಗೆ ಊರೆಲ್ಲ ಬಿಷಪ್ಪರ ಬೆನ್ನಿಗೆ ನಿಂತಿತೆಂದು ಅನಿಸಿದ್ದರೆ, ಇಲ್ಲ. ಕುಲುಮೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೆಲಸಗಾರರಿದ್ದರು. ಊರಿನ ಜನಸಂಖ್ಯೆಯೇ ಮೂವತ್ತು ಸಾವಿರದ ಆಸುಪಾಸು. ಅಂಗಡಿ, ಖಾನಾವಳಿ, ಬಾಡಿಗೆ ಮನೆ, ಎಲ್ಲದರ ಉಸಿರೂ ಕುಲುಮೆಯ ಸಂಬಳದ ದಿನಕ್ಕೆ ಕಟ್ಟಿಬಿದ್ದಿತ್ತು. ಕುಲುಮೆ ಮುಚ್ಚಿದರೆ ಮಗುವಿಗೆ ಹಾಲು ಎಲ್ಲಿಂದ ತರುವುದು ಎಂದು ಕೇಳುವ ತಂದೆಯೂ ಕುಟುಂಬವನ್ನೇ ಕಾಪಾಡುತ್ತಿರುತ್ತಾನೆ. ಆರೋಗ್ಯ ಚಳವಳಿಯವರನ್ನು ಊರದ್ರೋಹಿಗಳೆಂದು ಕರೆದರು. ರಕ್ತ ತೆಗೆಯಲು ಬಂದ ತಂಡಕ್ಕೆ ಪ್ರತಿಭಟನೆ ಎದುರಾಯಿತು. ಬರೆತೊ ಅವರಿಗೆ ಕೊಲೆ ಬೆದರಿಕೆಗಳು ಬಂದವು. ಭಾನುವಾರ ಒಂದೇ ಬೆಂಚಿನಲ್ಲಿ ಕೂತವರು ಸೋಮವಾರ ಬೀದಿಯ ಎರಡು ಬದಿಗೆ ನಿಂತರು. ಕುಲುಮೆ ಮುಚ್ಚಿ ಎಂದು ತಾನು ಹೇಳುತ್ತಿಲ್ಲ, ಕೆಲಸವೂ ಇರಲಿ ಆರೋಗ್ಯವೂ ಇರಲಿ ಎನ್ನುತ್ತಿದ್ದೇನೆ ಎಂಬುದು ಬರೆತೊ ಅವರ ನಿಲುವು. ಕೇಳಲು ಸರಳವಾದ ಈ ನಿಲುವಿಗೆ ನಡುವೆ ನಿಂತವರ ಒಂಟಿತನವೂ ಸೇರಿಕೊಂಡಿರುತ್ತದೆ.

ವಿಶ್ವಾಸ ಇಲ್ಲಿ ಏನು ಮಾಡಿತು? ಆದಿಕಾಂಡದಲ್ಲಿ ದೇವರು ಮನುಷ್ಯನಿಗೆ ಭೂಮಿಯ ಮೇಲೆ ಅಧಿಕಾರ ಕೊಟ್ಟ ಮಾತಿದೆ, ತೋಟವನ್ನು ವ್ಯವಸಾಯ ಮಾಡಿ ಕಾಯುವ ಹೊಣೆ ಕೊಟ್ಟ ಮಾತೂ ಇದೆ. ಗಣಿ ಕಂಪನಿಗಳ ಕಾಲದಲ್ಲಿ ಮೊದಲನೆಯದು ಹೆಚ್ಚು ಓದಲ್ಪಟ್ಟಿತು, ಈಗ ಎರಡನೆಯದು. ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಂದೇ ಎಂದು ಕೇಳಿಸಿಕೊಳ್ಳಲು ಹೇಳಿದ್ದು ಆಮೇಲಿನ ಕಥೆ. ಬರೆತೊ ಅವರನ್ನು ಅದೇ ಪೋಪ್ 2018ರಲ್ಲಿ ಕಾರ್ಡಿನಲ್ ಮಾಡಿದರು. ಆದರೆ ಲಾ ಒರೋಯಾದಲ್ಲಿ ಕೆಲಸಕ್ಕೆ ಬಂದದ್ದು ಇಷ್ಟು ದೊಡ್ಡ ತತ್ವವಲ್ಲ ಎಂದು ನನ್ನ ಎಣಿಕೆ. ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನು ಅವನನ್ನು ಛತ್ರಕ್ಕೆ ಸೇರಿಸಿ, ಖರ್ಚಿಗೆ ಹಣ ಕೊಟ್ಟು, ಮತ್ತೆ ಬರುತ್ತೇನೆ ಎಂದು ಹೇಳಿ ಹೋಗುತ್ತಾನೆ. ಆ ಕಥೆಯ ಕೊನೆಯ ಭಾಗವನ್ನು ಯಾರೂ ಹೆಚ್ಚು ಎತ್ತಿ ಆಡುವುದಿಲ್ಲ. ಮತ್ತೆ ಬರುವುದೇ ಚರ್ಚಿನ ನಿಜವಾದ ಬಲ. ಸ್ವಯಂಸೇವಾ ಸಂಸ್ಥೆಗೆ ಯೋಜನೆಯ ಅವಧಿ ಮುಗಿಯುತ್ತದೆ, ಪತ್ರಕರ್ತನಿಗೆ ಬೇರೆ ಸುದ್ದಿ ಸಿಗುತ್ತದೆ, ಮಂತ್ರಿಯ ಖಾತೆ ಬದಲಾಗುತ್ತದೆ. ಸಭೆ ಮಾತ್ರ ಮುಂದಿನ ಭಾನುವಾರವೂ ಸೇರುತ್ತದೆ. ಸೀಸದಂಥ ನಿಧಾನದ ವಿಷಕ್ಕೆ ಅಷ್ಟೇ ನಿಧಾನದ ಎದುರಾಳಿ ಬೇಕು.

ಅಮೆರಿಕದ ಇವಾಂಜೆಲಿಕಲ್ ಕ್ರೈಸ್ತರ ನಡುವೆ ಇದೇ ಜಗಳ ಪಾದರಸದ ಸುತ್ತ ನಡೆಯಿತು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಹೊಗೆಯಿಂದ ಬಿದ್ದ ಪಾದರಸ ಕೆರೆಯ ತಳದಲ್ಲಿ ರೂಪ ಬದಲಿಸಿ ಮೀನು ಸೇರುತ್ತದೆ, ಮೀನಿನಿಂದ ಬಸುರಿಯ ಹೊಟ್ಟೆಯ ಕೂಸಿನ ಮಿದುಳಿಗೆ. ಆರೋಗ್ಯ ಇಲಾಖೆಗಳು ಬಸುರಿಯರಿಗೆ ಯಾವ ಮೀನು ತಿನ್ನಬಾರದೆಂಬ ಪಟ್ಟಿ ಕೊಡುತ್ತಿದ್ದವು. ಮತ್ತೆ ತಾಯಿಯ ತಟ್ಟೆಯೇ. 2011ರ ಕೊನೆಗೆ ಅಮೆರಿಕ ಸರ್ಕಾರ ಸ್ಥಾವರಗಳಿಗೇ ಪಾದರಸದ ಮಿತಿ ಹೇರಿದಾಗ, ಇವಾಂಜೆಲಿಕಲ್ ಎನ್ವಿರಾನ್‌ಮೆಂಟಲ್ ನೆಟ್‌ವರ್ಕ್ ಎಂಬ ಸಂಘಟನೆ ಹುಟ್ಟದ ಕೂಸನ್ನು ಕಾಪಾಡಬೇಕೆನ್ನುವವರು ಚಿಮಣಿಯ ಬಗ್ಗೆಯೂ ಮಾತಾಡಬೇಕೆಂದು ಜಾಹೀರಾತು ಹಾಕಿಸಿತು. ಕಾರ್ನ್‌ವಾಲ್ ಅಲಯನ್ಸ್ ಎಂಬ ಇನ್ನೊಂದು ಇವಾಂಜೆಲಿಕಲ್ ಬಳಗ ಸಿಟ್ಟಾಯಿತು. ಜೀವಪರ ಎಂಬ ಮಾತು ಗರ್ಭಪಾತ ವಿರೋಧಕ್ಕೆ ಮೀಸಲು, ಅದನ್ನು ಹೊಗೆಗೆಲ್ಲ ಎಳೆಯಬೇಡಿ, ನಿಮ್ಮ ಅಂಕಿಗಳೂ ಉತ್ಪ್ರೇಕ್ಷೆ ಎಂದಿತು. ಒಂದೇ ಬೈಬಲ್, ಎರಡು ಚಿಮಣಿ ನೀತಿ.

ನಮ್ಮಲ್ಲಿ ಸೀಸದ ಮಾತು ಬಂದಾಗ ದಾರಿ ಬೆಂಗಳೂರಿನ ಕೋರಮಂಗಲಕ್ಕೆ ಹೋಗುತ್ತದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 1963ರಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಅಲ್ಲಿ ಸೀಸದ ವಿಷಕ್ಕೆಂದೇ ರಾಷ್ಟ್ರೀಯ ಕೇಂದ್ರವೊಂದನ್ನು ಬೆಳೆಸಿದರು. ತೊಂಬತ್ತರ ದಶಕದ ಕೊನೆಗೆ ಜಾರ್ಜ್ ಫೌಂಡೇಶನ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿದಾಗ, ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 10ರ ಗೆರೆ ದಾಟಿದ್ದರು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. ಮನೆ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂತು. ಈ ಕೆಲಸವನ್ನು ಯಾರೂ ಧಾರ್ಮಿಕ ಎಂದು ಕರೆಯಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ. ಬಿಷಪ್ಪರು ಕಟ್ಟಿಸಿದ ಕಟ್ಟಡದಲ್ಲಿ ಎಲ್ಲ ಮತದವರ ಮಕ್ಕಳ ರಕ್ತ ಅಳೆಯುವ ಯಂತ್ರ ಇತ್ತು, ಅಷ್ಟೆ. ಪೆಟ್ರೋಲ್ ಮತ್ತು ಬಣ್ಣದ ನಿಯಮ ಯಾವ ತಾಯಿಗೂ ಇನ್ನಷ್ಟು ಚೊಕ್ಕಟವಾಗಿರು ಎಂದು ಹೇಳದೆ ಮಕ್ಕಳನ್ನು ಕಾಪಾಡಿತು ಎಂಬುದನ್ನು ಗಮನಿಸಬೇಕು. ಹಿತ್ತಲಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಗಲ್ಲಿಗಳಿಗೆ ಮಾತ್ರ ನಿಯಮದ ಕೈ ಇನ್ನೂ ಸರಿಯಾಗಿ ಎಟುಕಿಲ್ಲ.

ಮತ್ತೆ ಆಂಡಿಸ್‌ಗೆ. 2006ರ ಮೇ ತಿಂಗಳಲ್ಲಿ ಪೆರುವಿನ ಸಾಂವಿಧಾನಿಕ ನ್ಯಾಯಾಲಯ, ಲಾ ಒರೋಯಾಕ್ಕೆ ತುರ್ತು ಆರೋಗ್ಯ ವ್ಯವಸ್ಥೆಯನ್ನು ಮೂವತ್ತು ದಿನದೊಳಗೆ ಮಾಡಿ ಎಂದು ಆದೇಶಿಸಿತು. ಅದೇ ತಿಂಗಳು ಸರ್ಕಾರ ಕಂಪನಿಗೆ ಗಂಧಕಾಮ್ಲ ಘಟಕ ಕಟ್ಟಲು ಇನ್ನೂ ಸುಮಾರು ಮೂರು ವರ್ಷ ಕೊಟ್ಟಿತು. ಸೇಂಟ್ ಲೂಯಿಸ್‌ನ ನ್ಯಾಯಾಲಯದಲ್ಲಿ ಲಾ ಒರೋಯಾದ ಮಕ್ಕಳ ಪರವಾಗಿ ದಾವೆ ಹೂಡಿದಾಗ, ಅಪ್ರಾಪ್ತರ ಹಿತೈಷಿಯಾಗಿ ಕಾಗದದ ಮೇಲೆ ಹೆಸರು ಕೊಟ್ಟದ್ದು ಒಬ್ಬ ಕಥೋಲಿಕ ಸನ್ಯಾಸಿನಿ. ಕುಲುಮೆ 2009ರಲ್ಲಿ ನಿಂತಿತು, ಆದರೆ ಮಕ್ಕಳ ಕಾರಣಕ್ಕಲ್ಲ. ಲೋಹದ ಬೆಲೆ ಬಿದ್ದು ಬ್ಯಾಂಕುಗಳು ಸಾಲ ನಿಲ್ಲಿಸಿದ ಕಾರಣಕ್ಕೆ. 2011ರಲ್ಲಿ ರೆಂಕೊ ಗ್ರೂಪ್, ತನಗೆ ಅನ್ಯಾಯವಾಗಿದೆಯೆಂದು ಪೆರು ದೇಶದ ಮೇಲೆಯೇ 80 ಕೋಟಿ ಡಾಲರಿನ ಮಧ್ಯಸ್ಥಿಕೆ ದಾವೆ ಹಾಕಿತು.

ಊರಿನವರು ಅಮೆರಿಕ ಖಂಡಗಳ ಮಾನವ ಹಕ್ಕು ವ್ಯವಸ್ಥೆಯ ಮೆಟ್ಟಿಲು ಹತ್ತಿ ಸುಮಾರು ಎರಡು ದಶಕ ಕಾದರು. 2023ರ ನವೆಂಬರ್ 27ರಂದು ಬರೆದು 2024ರ ಮಾರ್ಚಿನಲ್ಲಿ ಪ್ರಕಟಿಸಿದ ತೀರ್ಪಿನಲ್ಲಿ ಆ ವ್ಯವಸ್ಥೆಯ ನ್ಯಾಯಾಲಯ, 80 ಅರ್ಜಿದಾರರ ಆರೋಗ್ಯದ ಮತ್ತು ನಿರ್ಮಲ ಪರಿಸರದ ಹಕ್ಕನ್ನು ಪೆರು ಉಲ್ಲಂಘಿಸಿದೆ ಎಂದಿತು. ಉಚಿತ ಚಿಕಿತ್ಸೆ ಕೊಡಿ, ಮಣ್ಣು ಶುದ್ಧಮಾಡಿ, ಗಾಳಿಯ ಮಾನದಂಡ ಸರಿಪಡಿಸಿ ಎಂದು ಆದೇಶಿಸಿತು. ಕೊನೆಯದಕ್ಕೆ ಕಾರಣವಿದೆ. ಘನ ಮೀಟರ್ ಗಾಳಿಯಲ್ಲಿ ಒಂದು ದಿನಕ್ಕೆ 20 ಮೈಕ್ರೊಗ್ರಾಂ ಎಂದಿದ್ದ ಗಂಧಕದ ಡೈಆಕ್ಸೈಡ್ ಮಿತಿಯನ್ನು ಪೆರು ಸರ್ಕಾರ 2017ರಲ್ಲಿ 250ಕ್ಕೆ ಏರಿಸಿತ್ತು. ಗಾಳಿಯನ್ನು ತೊಳೆಯುವುದಕ್ಕಿಂತ ಅಳತೆಗೋಲನ್ನು ಉದ್ದಮಾಡುವುದು ಅಗ್ಗ.

ಈ ನಡುವೆ ಬಾಕಿ ಸಂಬಳದ ಬದಲಿಗೆ ಕುಲುಮೆ ಅದರ ಕಾರ್ಮಿಕರ ಪಾಲಿಗೇ ಬಂದಿತ್ತು. 2022ರಲ್ಲಿ ಅವರು ಮೆಟಲರ್ಜಿಯಾ ಬಿಸಿನೆಸ್ ಪೆರು ಎಂಬ ತಮ್ಮದೇ ಕಂಪನಿಯಡಿ ಅದನ್ನು ವಹಿಸಿಕೊಂಡು, ಮರುವರ್ಷ ಕೆಲವು ಘಟಕಗಳನ್ನು ಮತ್ತೆ ಹೊತ್ತಿಸಿದರು. 1999ರಲ್ಲಿ ರಕ್ತ ಕೊಟ್ಟ ಮಕ್ಕಳಿಗೆ ಈಗ ಮೂವತ್ತರ ಆಸುಪಾಸಿನ ವಯಸ್ಸು. ಹೆಣ್ಣುಮಕ್ಕಳಲ್ಲಿ ಹಲವರು ತಾಯಂದಿರಾಗಿರುವ ಪ್ರಾಯ. ಹೊಗೆ ಎಷ್ಟಿರಬೇಕು, ಶೋಧಕ ಯಂತ್ರಕ್ಕೆ ಹಣ ಎಲ್ಲಿಂದ, ಮಕ್ಕಳ ರಕ್ತ ಯಾರು ಯಾವಾಗ ಅಳೆಯಬೇಕು ಎಂಬ ಪ್ರಶ್ನೆಗಳನ್ನು ಇನ್ನು ಮುಂದೆ ಸೇಂಟ್ ಲೂಯಿಸ್‌ಗೋ ನ್ಯೂಯಾರ್ಕಿಗೋ ಬರೆದು ಕೇಳುವಂತಿಲ್ಲ. ಮಾಲೀಕರು ಅದೇ ಊರಿನವರು, ಭಾನುವಾರ ಅದೇ ಬೆಂಚಿನಲ್ಲಿ ಕೂರುವವರು.